ಕ್ಯಾಸೆಟ್ಟಿನೊಳಗಿನ ಆಟಗಳು: ಹಳೆಯ ವಿಡಿಯೋ ಗೇಮ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ತೊಂಬತ್ತರ ದಶಕದಲ್ಲಿ ಟಿವಿಗೆ ಜೋಡಿಸಿ ಆಡುತ್ತಿದ್ದ ವಿಡಿಯೋ ಗೇಮ್‌ಗಳನ್ನೂ ಅವುಗಳ ಕ್ಯಾಸೆಟ್ಟುಗಳನ್ನೂ ನಾನು ಹಲವು ವರ್ಷಗಳಿಂದ ಕೂಡಿಡುತ್ತಿದ್ದೇನೆ. ಕೆಟ್ಟು ನಿಂತವನ್ನು ಬಿಚ್ಚಿ ಸರಿಪಡಿಸುತ್ತೇನೆ. ಈ ಹವ್ಯಾಸ ತಿಳಿದವರು ಮದುವೆಮನೆಯಲ್ಲಿ ಸಿಕ್ಕಾಗಲೂ ಪತ್ರ ಬರೆದಾಗಲೂ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಸುಲಭವಾದವನ್ನು ಮೊದಲಿಗೆ ಇಟ್ಟಿದ್ದೇನೆ, ಯಂತ್ರದ ಒಳಹೊಕ್ಕು ನೋಡುವವನ್ನು ಕೊನೆಗೆ.

## ಮೊದಲ ಪರಿಚಯ

ನಮ್ಮ ಮನೆಯಲ್ಲಿದ್ದ ವಿಡಿಯೋ ಗೇಮ್ ನಿಜವಾಗಿ ಯಾವ ಕಂಪನಿಯದು?

ಪೆಟ್ಟಿಗೆಯ ಮೇಲೆ ಮೀಡಿಯಾ, ಲಿಟಲ್ ಮಾಸ್ಟರ್, ಟರ್ಮಿನೇಟರ್ ಎಂದು ಏನೇ ಬರೆದಿರಲಿ, ಒಳಗಿನ ಯಂತ್ರದ ಮನೆತನ ಒಂದೇ. ಜಪಾನಿನ ನಿಂಟೆಂಡೊ ಕಂಪನಿ 1983ರ ಜುಲೈ 15ರಂದು ‘ಫ್ಯಾಮಿಲಿ ಕಂಪ್ಯೂಟರ್’ ಎಂಬ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ಜನರ ಬಾಯಲ್ಲಿ ಅದು ‘ಫ್ಯಾಮಿಕಾಮ್’ ಆಯಿತು. ಅದನ್ನು ರೂಪಿಸಿದ ತಂಡದ ಮುಖ್ಯಸ್ಥರು ಮಸಾಯುಕಿ ಉಯೆಮುರಾ. 1985ರಲ್ಲಿ ಅದೇ ಯಂತ್ರ ಬೇರೆ ಹೊದಿಕೆ ತೊಟ್ಟು ಎನ್‌ಇಎಸ್ ಎಂಬ ಹೆಸರಿನಲ್ಲಿ ಅಮೆರಿಕಕ್ಕೆ ಹೋಯಿತು.

ನಮ್ಮ ಊರುಗಳಿಗೆ ಬಂದದ್ದು ಬಹುಪಾಲು ಅದರ ನಕಲು. ತೈವಾನಿನ ಯುಎಂಸಿ ಕಂಪನಿ ಫ್ಯಾಮಿಕಾಮಿನ ಎರಡು ಮುಖ್ಯ ಚಿಪ್ಪುಗಳಿಗೆ ಸಾಟಿಯಾದ ಚಿಪ್ಪುಗಳನ್ನು ತಯಾರಿಸಿತು: ಲೆಕ್ಕ ಮಾಡುವ ಯುಎ6527, ಚಿತ್ರ ಬಿಡಿಸುವ ಯುಎ6538. ಇವು ಸಿಕ್ಕರೆ ಸಾಕು, ಯಾರು ಬೇಕಾದರೂ ಪ್ಲಾಸ್ಟಿಕ್ ಡಬ್ಬಿ ಅಚ್ಚುಹಾಕಿಸಿ ತಮಗೆ ಇಷ್ಟವಾದ ಹೆಸರು ಅಂಟಿಸಬಹುದಿತ್ತು. ರಷ್ಯಾದಲ್ಲಿ ಇದೇ ಯಂತ್ರ 1992ರ ಕೊನೆಯಲ್ಲಿ ‘ಡೆಂಡಿ’ ಎಂಬ ಹೆಸರಿನಲ್ಲಿ ಬಂತು, ಪೋಲೆಂಡಿನಲ್ಲಿ ‘ಪೆಗಾಸಸ್’ ಆಯಿತು, ಚೀನಾದಲ್ಲಿ ‘ಸುಬೋರ್’ ಆಯಿತು. ಶಿವಮೊಗ್ಗದ ಹುಡುಗಿಯೊಬ್ಬಳು ಬೇಸಿಗೆ ರಜೆಯಲ್ಲಿ ಆಡಿದ ಆಟವನ್ನೇ ಮಾಸ್ಕೋದ ಹುಡುಗನೊಬ್ಬ ಚಳಿಗಾಲದ ರಜೆಯಲ್ಲಿ ಆಡಿದ್ದಾನೆ. ಇಬ್ಬರ ಮನೆಯಲ್ಲಿಯೂ ನಿಂಟೆಂಡೊ ಎಂಬ ಹೆಸರು ಇರಲಿಲ್ಲ.

ಅದನ್ನು ಕ್ಯಾಸೆಟ್ ಎನ್ನುವುದು ತಪ್ಪಲ್ಲವೇ? ಒಳಗೆ ಟೇಪ್ ಇರುವುದಿಲ್ಲವಲ್ಲ.

ತಪ್ಪಿಲ್ಲ. ಇಂಗ್ಲಿಷಿನಲ್ಲಿ ಕಾರ್ಟ್ರಿಡ್ಜ್ ಎನ್ನುತ್ತಾರೆ, ನಿಜ. ಆದರೆ ಈ ವಸ್ತು ಹುಟ್ಟಿದ ಜಪಾನಿನಲ್ಲಿಯೇ ಜನ ಅದನ್ನು ‘ಕಾಸೆಟ್ಟೊ’ ಎಂದು ಕರೆಯುತ್ತಾರೆ. ನಮ್ಮ ಅಂಗಡಿಯವರ ಮಾತು ಮೂಲಕ್ಕೆ ಹತ್ತಿರವಾಗಿಯೇ ಇದೆ. ಈ ಬರಹದುದ್ದಕ್ಕೂ ನಾನು ಕ್ಯಾಸೆಟ್ ಎಂದೇ ಬರೆಯುತ್ತೇನೆ.

ನಕಲಿ ಎಂದರೆ ಯಂತ್ರ ನಕಲಿಯೋ, ಆಟ ನಕಲಿಯೋ?

ಎರಡೂ ಇರಬಹುದು, ಆದರೆ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಯಂತ್ರದ ನಕಲು ವಿದ್ಯುನ್ಮಂಡಲದ ನಕಲು. ಆಟದ ನಕಲು ಒಬ್ಬರ ಬರವಣಿಗೆಯನ್ನು ಕದ್ದು ಅಚ್ಚುಹಾಕಿದಂತೆ. ಅದರಲ್ಲಿಯೂ ಬಗೆಗಳಿವೆ. ಕೆಲವು ಯಥಾಪ್ರತಿ. ಕೆಲವು ತಿದ್ದಿದ ಪ್ರತಿ, ಅಂದರೆ ನಾಯಕನ ಮುಖ ಬದಲಿಸಿ ಹೊಸ ಹೆಸರಿಟ್ಟವು. ಇನ್ನು ಕೆಲವು ತೈವಾನ್ ಮತ್ತು ಚೀನಾದ ಪುಟ್ಟ ತಂಡಗಳು ನಿಂಟೆಂಡೊದ ಅನುಮತಿಯಿಲ್ಲದೆ ತಾವೇ ಬರೆದ ಆಟಗಳು. 1994ರ ‘ಸೊಮಾರಿ’ ಈ ಕೊನೆಯ ಬಗೆಗೆ ಒಳ್ಳೆಯ ಉದಾಹರಣೆ: ಸೆಗಾ ಕಂಪನಿಯ ಆಟದ ನಾಯಕ ಸೋನಿಕ್ ಓಡುವ ಬೆಟ್ಟಗುಡ್ಡಗಳಲ್ಲಿ ನಿಂಟೆಂಡೊದ ಮಾರಿಯೋ ಉರುಳಿಕೊಂಡು ಓಡುತ್ತಾನೆ. ಪಾತ್ರ ಕದ್ದದ್ದು, ಮಟ್ಟಗಳು ಕದ್ದವು. ಆದರೂ ಹೆಚ್ಚು ಬಲದ ಹದಿನಾರು ಬಿಟ್ ಯಂತ್ರದ ಆ ವೇಗವನ್ನು ಎಂಟು ಬಿಟ್ ಯಂತ್ರದಲ್ಲಿ ಹಿಡಿದ ಕೈಚಳಕ ಕದ್ದದ್ದಲ್ಲ. ಆ ಕೆಲಸಕ್ಕೆ ನಾನು ತಲೆಬಾಗುತ್ತೇನೆ.

‘9999 ಇನ್ 1’ ಕ್ಯಾಸೆಟ್ಟಿನಲ್ಲಿ ನಿಜಕ್ಕೂ ಎಷ್ಟು ಆಟಗಳಿದ್ದವು?

ನನ್ನ ಕೈಗೆ ಬಂದವುಗಳಲ್ಲಿ ನಾಲ್ಕರಿಂದ ಇಪ್ಪತ್ತರ ಒಳಗೆ. ಉಳಿದದ್ದು ಪಟ್ಟಿಯ ಉದ್ದ. ಐದನೆಯ ಸಾಲಿನಲ್ಲಿ ಬಂದ ಟ್ಯಾಂಕ್ ಆಟವೇ ಇಪ್ಪತ್ತೇಳನೆಯ ಸಾಲಿನಲ್ಲಿ ಬೇರೆ ಹೆಸರಿನಿಂದ ಬರುತ್ತದೆ, ಒಮ್ಮೆ ಮೂರನೆಯ ಹಂತದಿಂದ, ಇನ್ನೊಮ್ಮೆ ಹೆಚ್ಚು ಜೀವಗಳೊಂದಿಗೆ. ಮೆನು ಬರೆದವರು ಆಟವನ್ನು ಮುಟ್ಟದೆ, ಅದು ಶುರುವಾಗುವ ಮುನ್ನ ಮೆಮೊರಿಯ ಒಂದೆರಡು ಮನೆಗಳಲ್ಲಿ ಅಂಕಿ ತುಂಬಿ ಕಳುಹಿಸುತ್ತಿದ್ದರು. ಆಟ ಆ ಅಂಕಿಯನ್ನು ನಂಬಿ ಅಲ್ಲಿಂದಲೇ ಶುರುವಾಗುತ್ತಿತ್ತು. ಇಡೀ ಮಧ್ಯಾಹ್ನ ಒಂದೊಂದೇ ಸಾಲು ಒತ್ತಿ, ಹೊಸದು ಸಿಕ್ಕೀತೇ ಎಂದು ಪುಟದ ಮೇಲೆ ಪುಟ ದಾಟಿದ ಮಕ್ಕಳಲ್ಲಿ ನಾನೂ ಒಬ್ಬ.

ಬಾಯಿಂದ ಊದಿದರೆ ಕ್ಯಾಸೆಟ್ ಓಡುತ್ತಿತ್ತಲ್ಲ, ಅದು ಹೇಗೆ?

ಓಡಿಸುತ್ತಿದ್ದದ್ದು ಊದುವಿಕೆ ಅಲ್ಲ, ತೆಗೆದು ಮತ್ತೆ ಹಾಕುವುದು. ಕ್ಯಾಸೆಟ್ಟಿನ ಅಂಚಿನಲ್ಲಿ 60 ಲೋಹದ ಪಟ್ಟಿಗಳಿವೆ. ಅವುಗಳಲ್ಲಿ ಒಂದು ಸರಿಯಾಗಿ ತಾಗದಿದ್ದರೂ ಪರದೆ ತುಂಬ ಚೌಕಗಳು. ಮತ್ತೆ ಒತ್ತಿದಾಗ ಪಟ್ಟಿಗಳು ಉಜ್ಜಿಕೊಂಡು ಕೂರುತ್ತವೆ. ಉಸಿರಿನ ತೇವ ಕಾಲಕ್ರಮದಲ್ಲಿ ಲೋಹಕ್ಕೆ ಕಿಲುಬು ಹಿಡಿಸುತ್ತದೆ. ಹಳೆಯ ಕ್ಯಾಸೆಟ್ಟನ್ನು ಈಗ ಕೈಗೆತ್ತಿಕೊಂಡಿದ್ದರೆ ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಹತ್ತಿಕಡ್ಡಿಯಿಂದ ಒರೆಸಿ, ಪೂರ್ತಿ ಒಣಗಲು ಬಿಡಿ. ಕಪ್ಪು ಹೋಗದಿದ್ದರೆ ಪೆನ್ಸಿಲ್ ರಬ್ಬರಿನಿಂದ ಹಗುರವಾಗಿ ಉಜ್ಜಿ. ಮರಳುಕಾಗದ ಮುಟ್ಟಿಸಲೇಬೇಡಿ. ತೆಳು ಲೇಪ ಒಮ್ಮೆ ಹೋದರೆ ಮತ್ತೆ ಬರುವುದಿಲ್ಲ.

ವಿಡಿಯೋ ಗೇಮ್ ಆಡಿದರೆ ಟಿವಿಯ ಪಿಕ್ಚರ್ ಟ್ಯೂಬ್ ಹಾಳಾಗುತ್ತದೆ ಎಂದು ಅಪ್ಪ ಹೇಳುತ್ತಿದ್ದರು. ನಿಜವೇ?

ಪೂರ್ತಿ ಸುಳ್ಳೇನಲ್ಲ. ಕದಲದ ಒಂದೇ ಚಿತ್ರವನ್ನು ದಿನಗಟ್ಟಲೆ ನಿಲ್ಲಿಸಿದರೆ ಪರದೆಯ ಒಳಗಿನ ಬೆಳಕು ಸೂಸುವ ಲೇಪ ಅಸಮವಾಗಿ ಸವೆದು ನೆರಳು ಉಳಿಯುತ್ತದೆ. ಗಂಟೆಗೆ ಇಷ್ಟೆಂದು ಬಾಡಿಗೆ ಪಡೆದು ಬೆಳಗಿನಿಂದ ರಾತ್ರಿಯವರೆಗೆ ಒಂದೇ ಆಟ ಓಡಿಸುತ್ತಿದ್ದ ಅಂಗಡಿಗಳ ಟಿವಿಗಳಲ್ಲಿ ಅದು ಕಾಣುತ್ತಿತ್ತು. ಮನೆಯಲ್ಲಿ ಎರಡು ಗಂಟೆ ಆಡಿದ್ದರಿಂದ ಟ್ಯೂಬ್ ಕೆಡುವುದಿಲ್ಲ. ಆದರೆ ಆ ಕಾಲದಲ್ಲಿ ಬಣ್ಣದ ಟಿವಿ ಎಂದರೆ ಎಷ್ಟು ತಿಂಗಳ ಸಂಬಳ ಎಂಬುದನ್ನು ನೆನೆದರೆ ಅಪ್ಪಂದಿರ ಆತಂಕ ನನಗೆ ಅರ್ಥವಾಗುತ್ತದೆ.

## ಆಟಗಳ ಬಗ್ಗೆ

ಸಿಂಹದ ಮೇಲೆ ಕುಳಿತು ಬೆಂಕಿಯ ಬಳೆ ದಾಟುವ ಆಟದ ಹೆಸರೇನು? ಇಂಥ ಹಲವು ಆಟಗಳ ಹೆಸರು ನನಗೆ ಗೊತ್ತೇ ಇಲ್ಲ.

ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು, ಉತ್ತರಿಸಲು ಅತಿ ಇಷ್ಟವಾದದ್ದೂ ಇದೇ.

ಸಿಂಹದ ಆಟ ‘ಸರ್ಕಸ್ ಚಾರ್ಲಿ’. ಕೊನಾಮಿ ಕಂಪನಿ 1984ರಲ್ಲಿ ಆರ್ಕೇಡ್ ಯಂತ್ರಕ್ಕೆ, ಎಂದರೆ ನಾಣ್ಯ ಹಾಕಿ ಆಡುವ ದೊಡ್ಡ ಯಂತ್ರಕ್ಕೆ, ಮಾಡಿದ್ದು, ಫ್ಯಾಮಿಕಾಮಿಗೆ 1986ರಲ್ಲಿ ಬಂತು. ಹದ್ದನ್ನು ಕಾಯುವ ಟ್ಯಾಂಕ್ ಆಟ ನ್ಯಾಮ್ಕೊ ಕಂಪನಿಯ ‘ಬ್ಯಾಟಲ್ ಸಿಟಿ’, 1985ರದ್ದು. ಅದರಲ್ಲಿ 35 ಹಂತಗಳು, ಪ್ರತಿ ಹಂತಕ್ಕೆ 20 ಶತ್ರು ಟ್ಯಾಂಕುಗಳು. ನೀವೇ ಇಟ್ಟಿಗೆ ಜೋಡಿಸಿ ಮೈದಾನ ಕಟ್ಟುವ ವ್ಯವಸ್ಥೆಯೂ ಇತ್ತು. ನಿಮ್ಮ ನೆನಪಿನಲ್ಲಿ ಅದು ‘ಟ್ಯಾಂಕ್ 1990’ ಎಂದಿದ್ದರೆ ನೀವು ಆಡಿದ್ದು ತಿದ್ದಿದ ಪ್ರತಿ.

ಪೆಟ್ರೋಲ್ ಮುಗಿಯುವ ಮೊದಲು ಗುರಿ ಮುಟ್ಟಬೇಕಾದ ಕಾರಿನ ಆಟ ‘ರೋಡ್ ಫೈಟರ್’. ಎಲ್ಲಿಯೂ ಗುದ್ದದೆ ದೂರ ಸಾಗಿದರೆ ರಸ್ತೆಯ ಪಕ್ಕದಲ್ಲಿ ಒಬ್ಬ ಮನುಷ್ಯ ಹಾರಿಹೋಗುತ್ತಿದ್ದನಲ್ಲವೇ? ಅವನು ಕೊನಾಮಿ ಮ್ಯಾನ್, ಕಂಪನಿ ತನ್ನ ಆಟಗಳಲ್ಲಿ ಬಚ್ಚಿಡುತ್ತಿದ್ದ ಪಾತ್ರ. ಹಿಮದ ಮೇಲೆ ಓಡುವ ಪೆಂಗ್ವಿನ್ ‘ಅಂಟಾರ್ಕ್ಟಿಕ್ ಅಡ್ವೆಂಚರ್’. ಒಂದೇ ಗುಂಡಿಗೆ ಎರಡು ಪೆಂಗ್ವಿನ್‌ಗಳು ಕನ್ನಡಿಯ ಪ್ರತಿಬಿಂಬದ ಹಾಗೆ ಎದುರುಬದುರು ಚಲಿಸುವುದು ಹಡ್ಸನ್ ಸಾಫ್ಟ್ ಕಂಪನಿಯ ‘ಬೈನರಿ ಲ್ಯಾಂಡ್’, 1985. ಮನೆಯೊಳಗೆ ಜಿಗಿಯುತ್ತಾ ಬೆಕ್ಕುಗಳಿಂದ ಟಿವಿ, ರೇಡಿಯೋ ಬಿಡಿಸಿಕೊಳ್ಳುವ ಇಲಿ ‘ಮ್ಯಾಪಿ’. ಅವನು ಕಳ್ಳನಲ್ಲ, ಪೊಲೀಸ್. ಬೆಕ್ಕುಗಳೇ ಕಳ್ಳರು. ಇದನ್ನು ಹೇಳಿದಾಗ ಅನೇಕರು ಬೆರಗಾಗುತ್ತಾರೆ.

ಎರಡು ಬಲೂನು ಕಟ್ಟಿಕೊಂಡು ಹಾರುವ ಆಟ ‘ಬಲೂನ್ ಫೈಟ್’. ಅದರ ಪ್ರೋಗ್ರಾಂ ಬರೆದವರಲ್ಲಿ ಒಬ್ಬರು ಸತೋರು ಇವಾತಾ. ಅವರು ಮುಂದೆ ನಿಂಟೆಂಡೊ ಕಂಪನಿಯ ಅಧ್ಯಕ್ಷರಾದರು. ನಮ್ಮ ಕ್ಯಾಸೆಟ್ಟುಗಳಲ್ಲಿ ಶೀರ್ಷಿಕೆ ಪರದೆಯ ಕೆಳಗಿನ ಕಂಪನಿಯ ಹೆಸರು ಮತ್ತು ವರ್ಷವನ್ನು ಅಳಿಸಿಬಿಡುತ್ತಿದ್ದರು. ಹಾಗಾಗಿ ನಮ್ಮ ಪೀಳಿಗೆಗೆ ಈ ಆಟಗಳು ಯಾರೂ ಬರೆಯದ ಜನಪದ ಕತೆಗಳ ಹಾಗೆ ತಲುಪಿದವು. ಆ ಹೆಸರುಗಳನ್ನು ಮರಳಿ ಬರೆಯುವುದು ನನ್ನ ಮಟ್ಟಿಗೆ ಸಾಲ ತೀರಿಸುವ ಕೆಲಸ.

ನಮಗೆ ಯಾವಾಗಲೂ ಅವೇ ಇಪ್ಪತ್ತು ಮೂವತ್ತು ಆಟಗಳು ಏಕೆ ಸಿಗುತ್ತಿದ್ದವು? ಫ್ಯಾಮಿಕಾಮಿಗೆ ಸಾವಿರಕ್ಕೂ ಹೆಚ್ಚು ಆಟಗಳಿವೆಯಂತೆ.

ಹೌದು, ಇವೆ. ಅವುಗಳಲ್ಲಿ ನಮ್ಮ ಪಾಲಿಗೆ ಯಾವುದು ಬರಬೇಕು ಎಂದು ತೀರ್ಮಾನಿಸಿದ್ದು ಚಿಪ್ಪಿನ ಬೆಲೆ.

ಲೆಕ್ಕ ಸರಳ. ಫ್ಯಾಮಿಕಾಮ್ ಯಂತ್ರ ಯಾರ ಸಹಾಯವೂ ಇಲ್ಲದೆ ನೇರವಾಗಿ ಓದಬಲ್ಲದ್ದು 32 ಕಿಲೋಬೈಟ್ ಪ್ರೋಗ್ರಾಂ, 8 ಕಿಲೋಬೈಟ್ ಚಿತ್ರ. ಒಟ್ಟು 40. 1985ರ ಸೂಪರ್ ಮಾರಿಯೋ ಬ್ರದರ್ಸ್ ಈ 40 ಕಿಲೋಬೈಟಿನ ಅಂಚಿನವರೆಗೆ ತುಂಬಿಕೊಂಡ ಆಟ. ಎಕ್ಸೈಟ್‌ಬೈಕ್, ಐಸ್ ಕ್ಲೈಂಬರ್, ಬಲೂನ್ ಫೈಟ್, ಡಕ್ ಹಂಟ್, ಬ್ಯಾಟಲ್ ಸಿಟಿ ಇವೆಲ್ಲ ತಲಾ 24. ಗ್ಯಾಲಕ್ಸಿಯನ್ ಬರೀ 16. 1988ರ ಸೂಪರ್ ಮಾರಿಯೋ ಬ್ರದರ್ಸ್ 3 ಮಾತ್ರ 384 ಕಿಲೋಬೈಟ್, ಅದರ ಜೊತೆಗೆ ಮೆಮೊರಿಯ ಪುಟ ತಿರುವಲು ಒಂದು ವಿಶೇಷ ಚಿಪ್ಪು. ಆ ಒಂದು ಆಟದ ಜಾಗದಲ್ಲಿ 24 ಕಿಲೋಬೈಟಿನ ಹದಿನಾರು ಆಟಗಳು ಹಿಡಿಯುತ್ತವೆ, ವಿಶೇಷ ಚಿಪ್ಪಿನ ಖರ್ಚೂ ಉಳಿಯುತ್ತದೆ. ಕ್ಯಾಸೆಟ್ ಅಚ್ಚುಹಾಕುವವನು ಯಾವುದನ್ನು ಆರಿಸುತ್ತಾನೆ?

ಇನ್ನೂ ಒಂದು ಜರಡಿಯಿತ್ತು: ಬ್ಯಾಟರಿ. ದೀರ್ಘ ಕತೆಯ ಆಟಗಳಿಗೆ, ಎಂದರೆ ಜೆಲ್ಡಾ, ಫೈನಲ್ ಫ್ಯಾಂಟಸಿಯಂಥವಕ್ಕೆ, ಆಟ ಎಲ್ಲಿಗೆ ನಿಂತಿತು ಎಂದು ನೆನಪಿಡಲು ಕ್ಯಾಸೆಟ್ಟಿನೊಳಗೆ ಒಂದು ಗುಂಡಿ ಬ್ಯಾಟರಿ ಬೇಕು. ಅಗ್ಗದ ಕ್ಯಾಸೆಟ್ಟಿನಲ್ಲಿ ಅದು ಇರುತ್ತಿರಲಿಲ್ಲ. ಹೀಗೆ ಚಿಕ್ಕದು, ಮಾತಿಲ್ಲದ್ದು, ನೆನಪಿಡಬೇಕಿಲ್ಲದ್ದು ಮಾತ್ರ ಜರಡಿಯಿಂದ ಕೆಳಗೆ ಬಿತ್ತು. ಅವುಗಳಲ್ಲಿ ಬಹುಪಾಲು 1983ರಿಂದ 1986ರ ನಡುವೆ ಜಪಾನಿನಲ್ಲಿ ಬಂದವು. 1996ರಲ್ಲಿ ದಾವಣಗೆರೆಯಲ್ಲಿ ಕುಳಿತು ನಾವು ಆಡಿದ್ದು ಹತ್ತು ಹನ್ನೆರಡು ವರ್ಷ ಹಳೆಯ ಜಪಾನನ್ನು. ಹಳೆಯದು ಎಂಬ ಸುಳಿವು ನಮಗಿರಲಿಲ್ಲ, ಆ ಆಟಗಳಲ್ಲಿ ಹಳತಾಗುವ ಗುಣವೂ ಇರಲಿಲ್ಲ. 24 ಕಿಲೋಬೈಟಿನಲ್ಲಿ ಆಟ ಕಟ್ಟಲು ಕುಳಿತವರಿಗೆ ಅಲಂಕಾರಕ್ಕೆ ಜಾಗವೇ ಇರಲಿಲ್ಲ. ಆಟದ ತಿರುಳನ್ನಷ್ಟೇ ಉಳಿಸಿಕೊಂಡರು.

ಕೊನಾಮಿಯ ಕಾಂಟ್ರಾ ಆಟದಲ್ಲಿ 30 ಜೀವ ಪಡೆಯುವ ಗುಟ್ಟು ಯಾರು ಇಟ್ಟದ್ದು?

ಮೇಲೆ, ಮೇಲೆ, ಕೆಳಗೆ, ಕೆಳಗೆ, ಎಡ, ಬಲ, ಎಡ, ಬಲ, ಬಿ, ಎ, ಆಮೇಲೆ ಸ್ಟಾರ್ಟ್. ಇದನ್ನು ಮೊದಲು ಇಟ್ಟದ್ದು ಕಾಂಟ್ರಾದಲ್ಲಿ ಅಲ್ಲ, 1986ರ ‘ಗ್ರಾಡಿಯಸ್’ ಆಟದಲ್ಲಿ. ಕೊನಾಮಿಯ ಕಜುಹಿಸಾ ಹಶಿಮೊಟೊ ಆ ಆಟವನ್ನು ಫ್ಯಾಮಿಕಾಮಿಗೆ ತರುತ್ತಿದ್ದಾಗ ಪರೀಕ್ಷಿಸಲು ಅವರಿಗೇ ಅದು ಕಷ್ಟವಾಯಿತು. ತಮಗಾಗಿ ಇಟ್ಟುಕೊಂಡ ಕಳ್ಳದಾರಿ ಹಾಗೆಯೇ ಉಳಿಯಿತು. ಮುಂದೆ ಕೊನಾಮಿಯ ಅನೇಕ ಆಟಗಳಿಗೆ ಅದೇ ಸಂಕೇತವಾಯಿತು. ನಮ್ಮ ಕೆಲವು ಕ್ಯಾಸೆಟ್ಟುಗಳಲ್ಲಿ ಏನೂ ಒತ್ತದೆಯೇ 30 ಜೀವ ಸಿಗುತ್ತಿತ್ತು. ಅವು ತಿದ್ದಿದ ಪ್ರತಿಗಳು.

ಮಾರಿಯೋ ಸತ್ತರೆ ಮತ್ತೆ ಮೊದಲಿನಿಂದ ಆಡಬೇಕಿತ್ತು. ಬೇರೆ ದಾರಿಯೇ ಇರಲಿಲ್ಲವೇ?

ಇತ್ತು, ನಮಗೆ ಹೇಳುವವರಿರಲಿಲ್ಲ. ಜೀವಗಳೆಲ್ಲ ಮುಗಿದು ಶೀರ್ಷಿಕೆ ಪರದೆ ಬಂದಾಗ ‘ಎ’ ಗುಂಡಿ ಒತ್ತಿ ಹಿಡಿದು ಸ್ಟಾರ್ಟ್ ಒತ್ತಿದರೆ, ನೀವು ಸತ್ತ ಲೋಕದ ಮೊದಲ ಹಂತದಿಂದ ಆಟ ಶುರುವಾಗುತ್ತದೆ. ಅಂಗಡಿಯವರು ಕೊಟ್ಟ ಪೆಟ್ಟಿಗೆಯಲ್ಲಿ ಪುಸ್ತಕ ಇರುತ್ತಿರಲಿಲ್ಲ, ಇದ್ದರೂ ಚೀನೀ ಭಾಷೆಯಲ್ಲಿರುತ್ತಿತ್ತು. ಎಂಟನೆಯ ಲೋಕದಲ್ಲಿ ಸತ್ತು ಮತ್ತೆ ಮೊದಲಿನಿಂದ ಓಡಿದ ಸಂಜೆಗಳ ಲೆಕ್ಕವಿಲ್ಲ. ಕರೆಂಟ್ ಹೋದರೆ ಮಾತ್ರ ಈ ದಾರಿಯೂ ಮುಚ್ಚಿತು. ಯಂತ್ರದ 2 ಕಿಲೋಬೈಟ್ ಮೆಮೊರಿ ವಿದ್ಯುತ್ತಿನ ಜೊತೆಗೇ ಖಾಲಿಯಾಗುತ್ತದೆ.

ನಾನು ‘ಮಾರಿಯೋ 14’ ಆಡಿದ್ದೇನೆ ಎಂದರೆ ಯಾರೂ ನಂಬುವುದಿಲ್ಲ. ಅಂಥ ಆಟ ಇತ್ತೇ?

ಇತ್ತು, ನೀವು ಸುಳ್ಳು ಹೇಳುತ್ತಿಲ್ಲ. ಅದು ‘ಕೈಕೆತ್ಸು ಯಾಂಚಮಾರು 3’ ಎಂಬ ಜಪಾನೀ ಆಟ. ನಾಯಕನ ಚಿತ್ರದ ಜಾಗದಲ್ಲಿ ಮಾರಿಯೋ ಕೂರಿಸಿದ್ದಾರೆ. ಹಾಗೆಯೇ ‘ಮಾರಿಯೋ 7’ ಎಂದು ಬಂದದ್ದರ ಹಿಂದೆ ಫ್ಲಿಂಟ್‌ಸ್ಟೋನ್ಸ್ ಕುಟುಂಬದ ಆಟವಿದೆ. ಚಿತ್ರಗಳು ಪ್ರೋಗ್ರಾಂನಿಂದ ಬೇರೆಯಾದ ಚಿಪ್ಪಿನಲ್ಲಿ ಇರುತ್ತಿದ್ದುದರಿಂದ ಮುಖ ಬದಲಿಸುವುದು ಸುಲಭವಿತ್ತು.

ಗನ್ನಿನಿಂದ ಬಾತುಕೋಳಿ ಹೊಡೆಯುವ ಡಕ್ ಹಂಟ್ ಆಟದಲ್ಲಿ ನಗುವ ಆ ನಾಯಿಗೆ ಗುಂಡು ಹೊಡೆಯಬಹುದೇ?

ಮನೆಯ ಆವೃತ್ತಿಯಲ್ಲಿ ಸಾಧ್ಯವಿಲ್ಲ. ಆರ್ಕೇಡ್ ಆವೃತ್ತಿಯ ವಿಶೇಷ ಸುತ್ತಿನಲ್ಲಿ ಸಾಧ್ಯ. ಅದಕ್ಕಿಂತ ಸ್ವಾರಸ್ಯದ ವಿಷಯ ಬೇರೆ ಇದೆ: ಒಂದೇ ಬಾತುಕೋಳಿ ಬರುವ ಆಟದಲ್ಲಿ ಇನ್ನೊಬ್ಬರು ಜಾಯ್‌ಸ್ಟಿಕ್ ಹಿಡಿದು ಆ ಬಾತುಕೋಳಿಯನ್ನು ಹಾರಿಸಬಹುದು. ತಂಗಿ ಬಾತುಕೋಳಿಯಾಗಿ, ಅಣ್ಣ ಬೇಟೆಗಾರನಾಗಿ ಆಡಬಹುದಿತ್ತು.

ಮುಸ್ತಫಾ ಆಟದ ಕ್ಯಾಸೆಟ್ ಎಲ್ಲಿ ಸಿಗುತ್ತದೆ?

ಎಲ್ಲಿಯೂ ಸಿಗುವುದಿಲ್ಲ. ಅದರ ನಿಜವಾದ ಹೆಸರು ‘ಕ್ಯಾಡಿಲಾಕ್ಸ್ ಅಂಡ್ ಡೈನೊಸಾರ್ಸ್’, 1993ರಲ್ಲಿ ಕ್ಯಾಪ್‌ಕಾಮ್ ಆರ್ಕೇಡ್ ಯಂತ್ರಕ್ಕಾಗಿ ಮಾಡಿದ್ದು. ಮನೆಯ ಯಂತ್ರಗಳಿಗೆ ಅದನ್ನು ಕಂಪನಿ ತರಲೇ ಇಲ್ಲ. ಅದರ ನಾಲ್ವರು ನಾಯಕರಲ್ಲಿ ಹಳದಿ ಟೋಪಿಯ ಮುಸ್ತಫಾ ಕೈರೊ ನಮ್ಮ ಜನರಿಗೆ ಎಷ್ಟು ಹತ್ತಿರವಾದನೆಂದರೆ ಆಟಕ್ಕೇ ಅವನ ಹೆಸರು ಬಂತು.

ಕಡಲು, ಹಾರುವ ಹಕ್ಕಿಗಳು ಇದ್ದ ಮೆನುವಿನಲ್ಲಿ ಬರುತ್ತಿದ್ದ ಆ ರಾಗ ಯಾವುದು?

‘ಅನ್‌ಚೈನ್ಡ್ ಮೆಲೊಡಿ’, 1955ರ ಒಂದು ಅಮೆರಿಕನ್ ಚಲನಚಿತ್ರದ ಹಾಡು. 1990ರಲ್ಲಿ ‘ಘೋಸ್ಟ್’ ಚಿತ್ರದಿಂದಾಗಿ ಮತ್ತೆ ಲೋಕಪ್ರಿಯವಾಯಿತು. ಅದನ್ನೂ ಅನುಮತಿಯಿಲ್ಲದೆಯೇ ಎತ್ತಿಕೊಂಡಿದ್ದಾರೆ.

## ಅಟ್ಟದಿಂದ ಇಳಿಸಿದ ಮೇಲೆ

ಹಳೆಯ ಯಂತ್ರವನ್ನು ಈಗಿನ ಎಲ್‌ಇಡಿ ಟಿವಿಗೆ ಜೋಡಿಸಬಹುದೇ?

ಯಂತ್ರದ ಹಿಂಭಾಗದಲ್ಲಿ ಹಳದಿ ಮತ್ತು ಬಿಳಿ ಅಥವಾ ಕೆಂಪು ಎವಿ ಕಿಂಡಿಗಳಿದ್ದರೆ ಮೊದಲು ಅವನ್ನೇ ಬಳಸಿ. ಕೆಲವು ಹೊಸ ಟಿವಿಗಳಲ್ಲಿ ಎವಿ ಸೌಲಭ್ಯವೇ ಇಲ್ಲ, ಆಗ ಎವಿಯಿಂದ ಎಚ್‌ಡಿಎಂಐಗೆ ಬದಲಿಸುವ ಪುಟ್ಟ ಪೆಟ್ಟಿಗೆ ಬೇಕು. ಅಗ್ಗದ ಪೆಟ್ಟಿಗೆಗಳಲ್ಲಿ ಎರಡು ದೋಷ: ಗುಂಡಿ ಒತ್ತಿದ್ದಕ್ಕೂ ಪರದೆಯಲ್ಲಿ ಜಿಗಿದದ್ದಕ್ಕೂ ನಡುವೆ ಗಮನಕ್ಕೆ ಬರುವಷ್ಟು ತಡ, ಓಡುವ ಚಿತ್ರದ ಅಂಚು ಬಾಚಣಿಗೆಯ ಹಲ್ಲಿನಂತೆ ಒಡೆಯುವುದು. ಹಳೆಯ ಯಂತ್ರ ಕಳುಹಿಸುವುದು ಇಡೀ ಚಿತ್ರವನ್ನು ಒಂದೇ ಬಾರಿಗೆ. ಈ ಪೆಟ್ಟಿಗೆಗಳು ಅದನ್ನು ಎರಡು ಅರೆಗಳೆಂದು ತಪ್ಪಾಗಿ ತಿಳಿದು ಹೆಣೆಯಲು ಹೋಗುತ್ತವೆ. ಹಣ ಇದ್ದರೆ ಹಳೆಯ ಆಟಗಳಿಗೆಂದೇ ಮಾಡಿದ ರೆಟ್ರೊಟಿಂಕ್‌ನಂಥ ಸಾಧನ ಕೊಳ್ಳಿ. ಇಲ್ಲವಾದರೆ ಯಾರಾದರೂ ಎಸೆಯಲಿರುವ ದಪ್ಪ ಟಿವಿಯನ್ನು ಕೇಳಿ ತನ್ನಿ. ನನ್ನ ಆಯ್ಕೆ ಈಗಲೂ ದಪ್ಪ ಟಿವಿಯೇ.

ಹೊಸ ಟಿವಿಯಲ್ಲಿ ಡಕ್ ಹಂಟ್ ಆಟದ ಗನ್ ಏಕೆ ಕೆಲಸ ಮಾಡುವುದಿಲ್ಲ?

ಗನ್ನಿನಿಂದ ಏನೂ ಹೊರಡುವುದಿಲ್ಲ, ಅದು ಬೆಳಕನ್ನು ನೋಡುವ ಕಣ್ಣು. ಕುದುರೆ ಎಳೆದ ಕ್ಷಣ ಪರದೆ ಪೂರ್ತಿ ಕಪ್ಪಾಗಿ, ಮರುಕ್ಷಣ ಬಾತುಕೋಳಿಯ ಜಾಗದಲ್ಲಿ ಮಾತ್ರ ಬಿಳಿ ಚೌಕ ಮೂಡುತ್ತದೆ. ಮೊದಲು ಕಪ್ಪು, ಆಮೇಲೆ ಬಿಳಿ ಎಂಬ ಕ್ರಮ ಕಂಡರೆ ಗುರಿ ತಾಗಿದಂತೆ. ಬಲ್ಬಿಗೆ ಗುರಿಯಿಟ್ಟು ಮೋಸ ಮಾಡಲು ಹೊರಟವರು ಸೋಲುತ್ತಿದ್ದದ್ದು ಈ ಕಪ್ಪು ಕ್ಷಣದಿಂದ. ಹೊಸ ಟಿವಿ ಚಿತ್ರವನ್ನು ಸಂಸ್ಕರಿಸಿ ತೋರಿಸುವಷ್ಟರಲ್ಲಿ ಕ್ಷಣ ಮೀರಿರುತ್ತದೆ, ದಪ್ಪ ಟಿವಿಯ ಕಿರಣದ ಮಿಡಿತವೂ ಅದರಲ್ಲಿಲ್ಲ. ಗನ್ ಕೆಟ್ಟಿದೆಯೆಂದು ಬಿಸಾಡಬೇಡಿ.

ಅಡಾಪ್ಟರ್ ಕಳೆದುಹೋಗಿದೆ. ಮನೆಯಲ್ಲಿರುವ ಯಾವುದನ್ನಾದರೂ ಹಾಕಬಹುದೇ?

ಹಾಕಬೇಡಿ. ಪಿನ್ನಿನ ನಡುಭಾಗ ಋಣವೋ ಧನವೋ ಎಂಬುದು ಯಂತ್ರದಿಂದ ಯಂತ್ರಕ್ಕೆ ಬೇರೆ. ಮೂಲ ಫ್ಯಾಮಿಕಾಮಿನಲ್ಲಿ ನಡುಭಾಗ ಋಣ. ಡಬ್ಬಿಯ ಅಡಿಯಲ್ಲಿ ಬರೆದದ್ದನ್ನು ಓದಿ, ಅಳಿಸಿಹೋಗಿದ್ದರೆ ಮಲ್ಟಿಮೀಟರ್ ಇರುವವರಿಂದ ಪರೀಕ್ಷೆ ಮಾಡಿಸಿ. ಜಪಾನಿನಿಂದ ತರಿಸಿದ ಮೂಲ ಅಡಾಪ್ಟರ್ 100 ವೋಲ್ಟಿನದು, ನಮ್ಮ 230 ವೋಲ್ಟಿಗೆ ನೇರವಾಗಿ ಹಾಕಿದರೆ ಸುಟ್ಟುಹೋಗುತ್ತದೆ.

ಈಗಲೂ ಇವು ಸಿಗುತ್ತವೆಯೇ?

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ, ಮೆಜೆಸ್ಟಿಕ್ ಬಳಿಯ ನ್ಯಾಷನಲ್ ಮಾರ್ಕೆಟ್ಟಿನಲ್ಲಿ, ಚಿಕ್ಕಪೇಟೆಯ ಕಡೆಯ ಭಾನುವಾರದ ಚೋರ್ ಬಜಾರಿನಲ್ಲಿ ಹುಡುಕಿ. ಕರಾವಳಿಯವರು ಗಲ್ಫ್ ನಂಟಿರುವ ಬಂಧುಗಳ ಅಟ್ಟಗಳನ್ನು ಕೇಳಿ ನೋಡಿ, ಅಲ್ಲಿಂದ ತಂದ ಯಂತ್ರಗಳು ಹಲವು ಮನೆಗಳಲ್ಲಿ ಹಾಗೆಯೇ ಉಳಿದಿವೆ. ಅಂತರ್ಜಾಲದಲ್ಲಿ ‘ಒರಿಜಿನಲ್’ ಎಂದು ದುಬಾರಿ ಬೆಲೆಗೆ ಮಾರುವ ಕ್ಯಾಸೆಟ್ಟುಗಳ ಬಗ್ಗೆ ಎಚ್ಚರವಿರಲಿ, ಒಳಗಿನ ಬೋರ್ಡಿನ ಫೋಟೊ ತೋರಿಸದವರಿಂದ ನಾನು ಕೊಳ್ಳುವುದಿಲ್ಲ.

## ಒಳಹೊಕ್ಕು ನೋಡುವವರಿಗೆ

ಯೂಟ್ಯೂಬಿನಲ್ಲಿ ನೋಡಿದರೆ ಮಾರಿಯೋ ವಿಪರೀತ ವೇಗವಾಗಿ ಓಡುತ್ತಾನೆ. ನಮ್ಮ ಮನೆಯಲ್ಲಿ ನಿಧಾನವಾಗಿದ್ದನಲ್ಲ?

ನಿಮ್ಮ ನೆನಪು ಸರಿಯಾಗಿದೆ. ಇದು ಬಾಲ್ಯದ ಭ್ರಮೆಯಲ್ಲ, ವಿದ್ಯುತ್ತಿನ ಲೆಕ್ಕ.

ಜಪಾನ್ ಮತ್ತು ಅಮೆರಿಕದ ಟಿವಿಗಳು ಸೆಕೆಂಡಿಗೆ 60 ಬಾರಿ ಪರದೆ ಬರೆಯುತ್ತಿದ್ದವು. ನಮ್ಮದು ಪಾಲ್ ಎಂಬ ಟಿವಿ ಪ್ರಸಾರ ವ್ಯವಸ್ಥೆ, ಸೆಕೆಂಡಿಗೆ 50. ಆ ಕಾಲದ ಆಟಗಳಿಗೆ ಗಡಿಯಾರ ಎಂದರೆ ಈ ಪರದೆಯೇ. ಒಂದು ಪರದೆಗೆ ಒಂದು ಹೆಜ್ಜೆ. ಆದ್ದರಿಂದ ಜಪಾನಿನಲ್ಲಿ 60 ಸೆಕೆಂಡಿನಲ್ಲಿ ಮುಗಿಯುವ ಆಟಕ್ಕೆ ನಮ್ಮಲ್ಲಿ 72 ಸೆಕೆಂಡು. ಮಾರಿಯೋದ ಮೊದಲ ಹಂತದಲ್ಲಿ 400ರಿಂದ ಇಳಿಯುವ ಎಣಿಕೆ ಅಲ್ಲಿ ಸುಮಾರು 160 ಸೆಕೆಂಡಿಗೆ ಶೂನ್ಯವಾದರೆ ಇಲ್ಲಿ 192ಕ್ಕೆ.

ಸಂಗೀತದ ನಡೆ ನಿಧಾನವಾದರೂ ಶ್ರುತಿ ಮಾತ್ರ ಬಹುತೇಕ ಇಳಿಯಲಿಲ್ಲ. ಯುರೋಪಿಗೆ ನಿಂಟೆಂಡೊ ಮಾಡಿದ ಅಧಿಕೃತ ಯಂತ್ರದ ಪ್ರೊಸೆಸರ್ 1.66 ಮೆಗಾಹರ್ಟ್ಸ್, ಅಲ್ಲಿ ಸ್ವರವೂ ಕೆಳಗಿಳಿಯಿತು. ತೈವಾನಿನ ಚಿಪ್ಪಿನಲ್ಲಿ ಅದು 1.77, ಮೂಲದ 1.79ಕ್ಕೆ ತೀರಾ ಹತ್ತಿರ. ಜಪಾನಿಗಾಗಿ ಬರೆದ ಆಟಗಳು ನಮ್ಮ ಟಿವಿಯಲ್ಲಿ ಒಡೆಯದೆ ಓಡಲಿ ಎಂದು ಆ ಎಂಜಿನಿಯರುಗಳು ಪರದೆಯ ಸಮಯವನ್ನೂ ಜಾಣ್ಮೆಯಿಂದ ಹೊಂದಿಸಿದ್ದರು. ಈ ಒಂದು ವಿಷಯದಲ್ಲಿ ನಕಲು ಅಧಿಕೃತಕ್ಕಿಂತ ಚೆನ್ನಾಗಿತ್ತು.

ಕಂಪ್ಯೂಟರಿನಲ್ಲಿ ಆ ಅನುಭವ ಮರಳಿ ಬೇಕಿದ್ದರೆ ಮೆಸೆನ್ ಅಥವಾ ಎಫ್‌ಸಿಇಯುಎಕ್ಸ್ ಎಮ್ಯುಲೇಟರಿನಲ್ಲಿ (ಹಳೆಯ ಯಂತ್ರವನ್ನು ಅನುಕರಿಸುವ ತಂತ್ರಾಂಶ) ಪ್ರದೇಶದ ಆಯ್ಕೆಗೆ ಹೋಗಿ ‘ಡೆಂಡಿ’ ಎಂದು ಆರಿಸಿ. ಆದರೂ ನಾದ ಬೇರೆ ಎನಿಸಿದರೆ ಅದಕ್ಕೂ ಕಾರಣವಿದೆ: ಕೆಲವು ನಕಲು ಚಿಪ್ಪುಗಳಲ್ಲಿ ಚೌಕ ತರಂಗದ ಎರಡು ಅಗಲಗಳು ಅದಲುಬದಲಾಗಿದ್ದವು. ಸ್ವರ ಅದೇ, ಕಂಠ ಬೇರೆ. ಮೆಸೆನ್‌ನಲ್ಲಿ ಅದನ್ನೂ ಅದಲುಬದಲು ಮಾಡುವ ಆಯ್ಕೆಯಿದೆ. ಅದನ್ನು ಹಾಕಿ ಮೊದಲ ಬಾರಿ ಕೋಜಿ ಕೊಂಡೊ ಅವರ ಮಾರಿಯೋ ಸಂಗೀತ ಕೇಳಿದ ರಾತ್ರಿ ನಾನು ಬಹಳ ಹೊತ್ತು ಆಟ ಆಡಲೇ ಇಲ್ಲ, ಸುಮ್ಮನೆ ಕೇಳುತ್ತಾ ಕುಳಿತಿದ್ದೆ.

ಒಂದು ಕ್ಯಾಸೆಟ್ಟಿನಿಂದ ಹಲವು ಆಟ ಹೊರಡುವುದು ಹೇಗೆ?

ಹದಿನಾರು ಪುಸ್ತಕಗಳನ್ನು ಒಟ್ಟಿಗೆ ಹೊಲಿದು, ಒಮ್ಮೆಗೆ ಒಂದನ್ನು ಮಾತ್ರ ಕಾಣುವಂತೆ ಕಿಟಕಿ ಇಟ್ಟಂತೆ. ದೊಡ್ಡ ಚಿಪ್ಪಿನಲ್ಲಿ ಎಲ್ಲ ಆಟಗಳೂ ಸಾಲಾಗಿ ಇರುತ್ತವೆ. ನೀವು ಆರಿಸಿದಾಗ ಮೆನು ಪ್ರೋಗ್ರಾಂ ಒಂದು ಸಂಖ್ಯೆಯನ್ನು ಕ್ಯಾಸೆಟ್ಟಿನತ್ತ ಬರೆಯುತ್ತದೆ, ಅಲ್ಲಿನ ಪುಟ್ಟ ಬೀಗದ ಚಿಪ್ಪು ಅದನ್ನು ಹಿಡಿದಿಟ್ಟುಕೊಂಡು ಆ ಭಾಗವನ್ನು ಮಾತ್ರ ಯಂತ್ರಕ್ಕೆ ತೋರಿಸುತ್ತದೆ. ಮೆನುವೇ ಇಲ್ಲದ ನಾಲ್ಕು ಆಟದ ಕ್ಯಾಸೆಟ್ಟುಗಳಲ್ಲಿ ರಿಸೆಟ್ ಒತ್ತಿದಾಗಲೆಲ್ಲ ಕಿಟಕಿ ಮುಂದಿನ ಆಟಕ್ಕೆ ಸರಿಯುತ್ತದೆ. ಅಂಥ ಕ್ಯಾಸೆಟ್ ನಿಮ್ಮಲ್ಲಿದ್ದು ಒಂದೇ ಆಟವಿದೆ ಎಂದುಕೊಂಡಿದ್ದರೆ ಈಗ ರಿಸೆಟ್ ಒತ್ತಿ ನೋಡಿ.

ಬಿಚ್ಚಿ ನೋಡಿದರೆ ಚಿಪ್ಪೇ ಇಲ್ಲ, ಕಪ್ಪು ಮೇಣದ ಹನಿ ಮಾತ್ರ ಇದೆ. ಮೋಸವೇ?

ಮೋಸವಲ್ಲ, ಮಿತವ್ಯಯ. ಸಿಲಿಕಾನ್ ತುಣುಕನ್ನು ಹೊದಿಕೆಯಿಲ್ಲದೆ ನೇರವಾಗಿ ಬೋರ್ಡಿಗೆ ಅಂಟಿಸಿ, ಕೂದಲಿಗಿಂತ ತೆಳುವಾದ ತಂತಿಗಳಿಂದ ಜೋಡಿಸಿ, ಮೇಲೆ ಕಪ್ಪು ಎಪಾಕ್ಸಿ ಅಂಟು ಸುರಿಯುತ್ತಾರೆ. ತೊಂಬತ್ತರ ದಶಕದ ನಡುವಿನಿಂದ ಇಡೀ ಫ್ಯಾಮಿಕಾಮ್ ಯಂತ್ರವನ್ನೇ ಹೀಗೆ ಒಂದು ಹನಿಯೊಳಗೆ ಅಡಗಿಸತೊಡಗಿದರು. ಕೆಟ್ಟರೆ ರಿಪೇರಿ ಇಲ್ಲ, ಹನಿ ಕೆತ್ತಲು ಹೋದರೆ ತಂತಿಗಳು ಕಿತ್ತುಬರುತ್ತವೆ.

ಈಗ ಇಂಥ ಕ್ಯಾಸೆಟ್ ಇಟ್ಟುಕೊಳ್ಳುವುದು, ಆಟಗಳನ್ನು ಇಳಿಸಿಕೊಳ್ಳುವುದು ಅಪರಾಧವೇ?

ಬಹಳ ಜನ ‘ಇಷ್ಟು ಹಳೆಯದಕ್ಕೆ ಹಕ್ಕೆಲ್ಲಿ’ ಎಂದುಕೊಂಡಿದ್ದಾರೆ. ಅದು ತಪ್ಪು ತಿಳಿವಳಿಕೆ. 1957ರ ನಮ್ಮ ಕೃತಿಸ್ವಾಮ್ಯ ಕಾಯ್ದೆಗೆ 1984ರಲ್ಲಿ ತಂದ ತಿದ್ದುಪಡಿಯಿಂದ ಕಂಪ್ಯೂಟರ್ ಪ್ರೋಗ್ರಾಂ ಕೂಡ ಸಾಹಿತ್ಯ ಕೃತಿಯೆಂದು ಗಣನೆಗೆ ಬಂತು. ಮಾರಿಯೋವಿನಂಥ ಆಟಗಳ ಹಕ್ಕು ಇನ್ನೂ ಜೀವಂತವಾಗಿದೆ. ಕಳ್ಳಪ್ರತಿ ಎಂದು ತಿಳಿದೂ ಕಂಪ್ಯೂಟರಿನಲ್ಲಿ ಬಳಸುವುದಕ್ಕೆ ಕಲಂ 63ಬಿ ಏಳು ದಿನದಿಂದ ಮೂರು ವರ್ಷದವರೆಗೆ ಸಜೆ, 50,000ದಿಂದ 2 ಲಕ್ಷ ರೂಪಾಯಿವರೆಗೆ ದಂಡ ಹೇಳುತ್ತದೆ. ವ್ಯಾಪಾರದ ಲಾಭಕ್ಕಲ್ಲದಿದ್ದರೆ ಸಜೆ ಬಿಟ್ಟು ದಂಡವನ್ನಷ್ಟೇ ವಿಧಿಸುವ ಅವಕಾಶ ನ್ಯಾಯಾಲಯಕ್ಕಿದೆ.

ನಾನು ಪಾಲಿಸುವ ಕ್ರಮ ಹೀಗಿದೆ. ಹಳೆಯ ಕ್ಯಾಸೆಟ್ಟುಗಳನ್ನು ವಸ್ತುಗಳಾಗಿ ಕಾಪಾಡುತ್ತೇನೆ. ಹೊಸದಾಗಿ ಪ್ರತಿ ಮಾಡಿ ಮಾರುವುದಿಲ್ಲ, ಮಾರುವವರಿಗೆ ನೆರವಾಗುವುದಿಲ್ಲ. ಮೂಲ ಕಂಪನಿಗಳು ಈಗ ಮಾರುತ್ತಿರುವುದನ್ನು ಹಣ ಕೊಟ್ಟು ಕೊಳ್ಳುತ್ತೇನೆ. ಮ್ಯಾಪಿ, ಬ್ಯಾಟಲ್ ಸಿಟಿ 2020ರ ನ್ಯಾಮ್ಕೊ ಮ್ಯೂಸಿಯಂ ಆರ್ಕೈವ್ಸ್ ಎರಡು ಸಂಪುಟಗಳಲ್ಲಿವೆ, ಕಾಂಟ್ರಾ 2019ರ ಕೊನಾಮಿ ಸಂಕಲನದಲ್ಲಿದೆ. ಬಾಲ್ಯದಲ್ಲಿ ಅವರಿಗೆ ಸಲ್ಲದೇ ಹೋದ ಹಣ ಈಗಲಾದರೂ ಸಲ್ಲಲಿ.

ನನ್ನ ಬಳಿ ಎಲ್ಲಿಯೂ ಕಾಣದ ಒಂದು ಕ್ಯಾಸೆಟ್ ಇದೆ. ಅದನ್ನು ಉಳಿಸಲು ಏನು ಮಾಡಬೇಕು?

ಮೊದಲು ಏನನ್ನೂ ಒರೆಸದೆ, ಅಂಟು ಕಾಗದ ಕೀಳದೆ ಫೋಟೊ ತೆಗೆಯಿರಿ: ಮುಂದೆ, ಹಿಂದೆ, ಲೇಬಲ್, ಪೆಟ್ಟಿಗೆ ಇದ್ದರೆ ಅದರ ಆರೂ ಬದಿ. ಅಂಗಡಿಯ ಬಿಲ್ಲು, ಬೆಲೆಯ ಚೀಟಿ, ಬಾಡಿಗೆಗೆ ಕೊಟ್ಟವರು ಪೆನ್ನಿನಲ್ಲಿ ಬರೆದ ನಂಬರು ಇವೂ ದಾಖಲೆಯೇ. ಅಚ್ಚಾದ ಬೋರ್ಡಿನ ಎರಡೂ ಬದಿಯ ಫೋಟೊ ತುಂಬ ಮುಖ್ಯ, ಅದರ ಮೇಲಿನ ಅಕ್ಷರ ಸಂಖ್ಯೆಗಳಿಂದ ಯಾವ ಕಾರ್ಖಾನೆಯ ಬಳಗ ಎಂದು ಗುರುತಿಸಲು ಸಾಧ್ಯವಾಗುತ್ತದೆ.

ಒಳಗಿನ ದತ್ತಾಂಶವನ್ನು 60 ಪಟ್ಟಿಗಳ ಅಂಚಿನ ಮೂಲಕವೇ ಓದುವ ಸಾಧನಗಳಿವೆ. ಕಪ್ಪು ಹನಿಯ ಕ್ಯಾಸೆಟ್ಟಿಗೆ ಅದೊಂದೇ ದಾರಿ. ಹಲವು ಆಟಗಳ ಕ್ಯಾಸೆಟ್ಟಿನಲ್ಲಿ ಕಷ್ಟ ಶುರುವಾಗುವುದು ಇಲ್ಲಿ: ಕಿಟಕಿ ಸರಿಸುವ ಬೀಗ ಯಾವ ಸಂಖ್ಯೆಗೆ ಹೇಗೆ ಓಗೊಡುತ್ತದೆ ಎಂದು ತಿಳಿಯದಿದ್ದರೆ ಓದುವ ಸಾಧನಕ್ಕೆ ಮೊದಲ ಕಿಟಕಿ ಮಾತ್ರ ಕಾಣುತ್ತದೆ. ಬೋರ್ಡಿನ ಗೆರೆಗಳನ್ನು ಭೂತಗನ್ನಡಿ ಹಿಡಿದು ಹಿಂಬಾಲಿಸಿ, ಯಾವ ಪಟ್ಟಿ ಯಾವ ಕಾಲಿಗೆ ಹೋಗುತ್ತದೆ ಎಂದು ಕಾಗದದ ಮೇಲೆ ಬರೆದುಕೊಳ್ಳಬೇಕು. ಒಂದು ಕ್ಯಾಸೆಟ್ಟಿಗೆ ನನಗೆ ಮೂರು ವಾರ ಹಿಡಿದದ್ದಿದೆ. ಕೊನೆಯ ಕಿಟಕಿ ತೆರೆದಾಗ ಸಿಕ್ಕಿದ್ದು ಮತ್ತೆ ಅದೇ ಬ್ಯಾಟಲ್ ಸಿಟಿ. ಆದರೆ ಆ ಪ್ರತಿಯಲ್ಲಿ ಅಳಿಸುವವರು ಅಳಿಸಲು ಮರೆತಿದ್ದರು: ಶೀರ್ಷಿಕೆಯ ಕೆಳಗೆ ನ್ಯಾಮ್ಕೊ ಎಂಬ ಹೆಸರೂ 1985 ಎಂಬ ವರ್ಷವೂ ಹಾಗೆಯೇ ಇದ್ದವು.